ಇಂಡಿಸ್ಕ್ರಿಮಿನೇಟ್ ಅಂದರೆ 'ಅತಿ' ಅಲ್ಲ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಸುದ್ದಿ ಬರೆಯುವ ನಮಗೆ ಇಂಗ್ಲಿಷ್ ಪ್ರಕಟಣೆಗಳಲ್ಲಿ ಪದೇ ಪದೇ ಎದುರಾಗುವ ಶಬ್ದ ಒಂದಿದೆ: ಇಂಡಿಸ್ಕ್ರಿಮಿನೇಟ್. ಕೀಟನಾಶಕದ ಇಂಡಿಸ್ಕ್ರಿಮಿನೇಟ್ ಬಳಕೆ, ಆ್ಯಂಟಿಬಯಾಟಿಕ್ ಮಾತ್ರೆಯ ಇಂಡಿಸ್ಕ್ರಿಮಿನೇಟ್ ಬಳಕೆ, ಹೀಗೆ. ಕನ್ನಡಕ್ಕೆ ಬರುವಾಗ ಅದು ಎಷ್ಟೋ ಸಲ 'ಅತಿಯಾದ', 'ಮಿತಿಮೀರಿದ' ಆಗಿಬಿಡುತ್ತದೆ. ಅರ್ಥ ಜಾರುವುದು ಅಲ್ಲಿಯೇ.

ಈ ಶಬ್ದ 'ಎಷ್ಟು' ಅಂತ ಕೇಳುವುದಿಲ್ಲ. 'ಆರಿಸಿ ನೋಡಿದಿರೇನು?' ಅಂತ ಕೇಳುತ್ತದೆ.

ನಮ್ಮ ಮನೆಗಳಲ್ಲಿ ಜೋಳ ಹಸನ ಮಾಡುವುದನ್ನು ನೆನೆಸಿಕೊಳ್ಳಿ. ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಹಳ್ಳು ಆರಿಸಿ, ಆಮೇಲೆ ಗಿರಣಿಗೆ. ಇಂಗ್ಲಿಷ್ ಶಬ್ದದ ಬೇರೂ ಇದೇ. ಅದು ಜರಡಿ ಹಿಡಿಯುವುದು, ಬೇರ್ಪಡಿಸುವುದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ನಮ್ಮ 'ವಿವೇಚನೆ', 'ವಿವೇಕ' ಕೂಡ ಬೇರ್ಪಡಿಸುವ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಹಸನ ಮಾಡದೆ ಜೋಳ ಬೀಸಿದರೆ ಅದು ಇಂಡಿಸ್ಕ್ರಿಮಿನೇಟ್. ಒಂದು ಸೇರು ಬೀಸಿದರೂ ಅಷ್ಟೇ, ಒಂದು ಚೀಲ ಬೀಸಿದರೂ ಅಷ್ಟೇ.

ಇದು ಬರೀ ಪದದ ಜಗಳ ಅಲ್ಲ. ಗೋವಿನಜೋಳದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲಿಯೇ. ಆ ಹುಳಕ್ಕೆ ಶಿಲೀಂಧ್ರದ ಔಷಧ ಹೊಡೆದರೆ, ಹೊಡೆದದ್ದು ಒಂದೇ ಟ್ಯಾಂಕ್ ಆದರೂ ಅದು ಇಂಡಿಸ್ಕ್ರಿಮಿನೇಟ್ ಬಳಕೆ. 'ಅತಿಯಾಗಿ ಬಳಸಬೇಡಿ' ಎಂದು ಓದಿದ ರೈತ ಪ್ರಮಾಣ ತಗ್ಗಿಸುತ್ತಾನೆ. ಔಷಧ ಮಾತ್ರ ಅದೇ ಇರುತ್ತದೆ. ಹುಳ ಸಾಯುವುದಿಲ್ಲ, ಖರ್ಚು ಉಳಿಯುವುದಿಲ್ಲ.

ಮಾತ್ರೆಯ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ನೆಗಡಿ ಬರುವುದು ವೈರಸ್ಸಿನಿಂದ. ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ. ಎರಡೇ ಮಾತ್ರೆ ನುಂಗಿದರೂ ನೆಗಡಿಗೆ ಅದು ತಪ್ಪು ಆಯ್ಕೆ. ಇತ್ತ ವೈದ್ಯರೇ ಬರೆದುಕೊಟ್ಟವರು 'ಅತಿ ಬೇಡ' ಎಂದು ತಾವಾಗಿಯೇ ಅರ್ಧಕ್ಕೆ ಬಿಟ್ಟರೆ ಅದೂ ಕೆಟ್ಟದ್ದೇ. ಆ್ಯಂಟಿಬಯಾಟಿಕ್ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರ ಶುರು ಮಾಡಿತು. ಆ ಗೆರೆ ಹೇಳುವುದು 'ಕಡಿಮೆ ನುಂಗಿ' ಅಂತ ಅಲ್ಲ, 'ಡಾಕ್ಟರ್ ಚೀಟಿ ಇಲ್ಲದೆ ಮುಟ್ಟಬೇಡಿ' ಅಂತ.

ಯುದ್ಧದ ಕಾನೂನು ಈ ಅರ್ಥವನ್ನು ಬಲು ಸ್ಪಷ್ಟವಾಗಿ ಹಿಡಿದಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೋಕಾಲಿನ 51ನೇ ವಿಧಿ ಇಂಡಿಸ್ಕ್ರಿಮಿನೇಟ್ ದಾಳಿಯನ್ನು ನಿಷೇಧಿಸುತ್ತದೆ. ನಿರ್ದಿಷ್ಟ ಸೈನಿಕ ಗುರಿಯತ್ತ ಹಿಡಿಯದ ದಾಳಿ ಇದರಲ್ಲಿ ಬರುತ್ತದೆ. ಸೈನಿಕ ಯಾರು, ನಾಗರಿಕ ಯಾರು ಎಂದು ನೋಡದೆ ಎಸೆದ ಬಾಂಬು ಒಂದೇ ಆದರೂ ಸಾಕು.

ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು ಇನ್ನೊಂದು ಮಾತು ಗಮನಿಸಿ. ಡಿಸ್ಕ್ರಿಮಿನೇಷನ್ ಅಂದರೆ ತಾರತಮ್ಯ. ಧರ್ಮ, ಜಾತಿ, ಲಿಂಗದ ಆಧಾರದ ಮೇಲೆ ಅದನ್ನು ಸಂವಿಧಾನದ 15ನೇ ವಿಧಿ ತಡೆಯುತ್ತದೆ. ಹಾಗಂತ ಇಂಡಿಸ್ಕ್ರಿಮಿನೇಟ್ ಅಂದರೆ 'ತಾರತಮ್ಯ ಇಲ್ಲದ' ಅಂತ ಬರೆಯಬೇಡಿ. ಎಲ್ಲರನ್ನೂ ಸಮಾನವಾಗಿ ಕಾಣುವುದು ಗುಣ; ಒಳ್ಳೆಯದು ಕೆಟ್ಟದ್ದು ನೋಡದಿರುವುದು ದೋಷ. ಈ ಶಬ್ದ ಹೆಚ್ಚಾಗಿ ಬೈಗುಳವೇ. 'ಅಕ್ರಮ' ಕೂಡ ಅಲ್ಲ: ಪರವಾನಗಿ ಪಡೆದೇ ಮರ ಕಡಿದರೂ ಯಾವ ಮರ ಉಳಿಸಬೇಕೆಂದು ನೋಡದಿದ್ದರೆ ಅದೂ ಇಂಡಿಸ್ಕ್ರಿಮಿನೇಟ್.

ಕನ್ನಡದಲ್ಲಿ ಶಬ್ದಕ್ಕೆ ಬರ ಇಲ್ಲ. 'ವಿವೇಚನೆಯಿಲ್ಲದ' ಪುಸ್ತಕದ ಮಾತಾಯಿತು. 'ಬೇಕಾಬಿಟ್ಟಿ', 'ಹಿಂದೆಮುಂದೆ ನೋಡದೆ', 'ಸಿಕ್ಕಸಿಕ್ಕಂತೆ' ನಮ್ಮ ಬಾಯಲ್ಲಿ ದಿನಾ ಇವೆ.

ಇನ್ನು ಮುಂದೆ ಸುದ್ದಿಯಲ್ಲಿ 'ಮಿತಿಮೀರಿದ ಬಳಕೆ' ಎಂದು ಕಂಡರೆ, ಹೆಚ್ಚಾದದ್ದು ಪ್ರಮಾಣವೋ, ಆರಿಸುವುದನ್ನೇ ಬಿಟ್ಟದ್ದೋ ಎಂದು ಒಮ್ಮೆ ಕೇಳಿ. ವಾಟ್ಸ್‌ಆ್ಯಪಿನಲ್ಲಿ ಓದದೆ ಮುಂದೆ ಕಳಿಸುವ ಸಂದೇಶಕ್ಕೂ ಇದೇ ಲೆಕ್ಕ. ಅದು ನೂರು ಇರಬೇಕಿಲ್ಲ, ಒಂದೇ ಇದ್ದರೂ ಆಯಿತು.