ಬೀಗ ಹೊಸದು, ಫೋನು ಹಳೇದು

ರಾಜಾನುಕುಂಟೆಯ ನಮ್ಮ ರೂಮಿನಲ್ಲಿ ಎರಡು ಐಫೋನ್ ಇವೆ. ಒಂದು 13, ಸೆಕೆಂಡ್ ಹ್ಯಾಂಡ್. ಇನ್ನೊಂದು 7, ಗಾಜು ಒಡೆದದ್ದು, ರೆಕಾರ್ಡಿಂಗಿಗೆ ಮಾತ್ರ. ಸ್ಟ್ರಿಂಗರುಗಳಾದ ನಮ್ಮಿಬ್ಬರಿಗೂ ಒಂದೇ ಆಪಲ್ ಖಾತೆ.

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಧರಣಿ ಕೂತಿದ್ದಾಗ, ಹಳೇ ಫೋನಿನಲ್ಲೇ ಅವರ ಮಾತು ರೆಕಾರ್ಡ್ ಮಾಡಿಕೊಂಡೆವು. ಒಬ್ಬ ಅಜ್ಜಿ ಎಲ್ಲ ಹೇಳಿ ಮುಗಿಸಿ, "ನನ್ ಹೆಸ್ರು ಎಲ್ಲೂ ಬರಬಾರ್ದು ಕಣ್ರಪ್ಪಾ" ಅಂದರು. "ಬರಲ್ಲ ಅಜ್ಜಿ" ಅಂದೆವು. ಮಾತು ಕೊಟ್ಟವರು ನಾವು, ಆದರೆ ಆ ದನಿ ಹೋಗಿ ಕೂತದ್ದು ಐಕ್ಲೌಡ್‌ನಲ್ಲಿ. ಅದರ ಕೀಲಿ ಕಂಪನಿಯ ಹತ್ತಿರವೂ ಇರುತ್ತದೆ. ಸರ್ಕಾರ ಕಾನೂನಿನ ಪ್ರಕಾರ ಕೇಳಿದರೆ ತೆಗೆದುಕೊಡಬಹುದು.

ಕೀಲಿ ನಮ್ಮ ಫೋನುಗಳಲ್ಲಿ ಮಾತ್ರ ಇರುವ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ 2023ರ ಜನವರಿಯಲ್ಲೇ ನಮ್ಮ ಕಡೆಗೂ ಬಂತು. ಆನ್ ಮಾಡಲು ಹೋದರೆ ಫೋನು ಬಿಡಲಿಲ್ಲ. ಖಾತೆಯಲ್ಲಿರುವ ಪ್ರತಿ ಐಫೋನಿನಲ್ಲೂ ಕನಿಷ್ಠ ಐಓಎಸ್ 16.2 ಇರಬೇಕಂತೆ. ನಮ್ಮ 7 ನಿಂತಿರುವುದು 15ಕ್ಕೆ, ಅದಕ್ಕೆ ಮುಂದಿನದು ಬರುವುದೇ ಇಲ್ಲ. ಚೆನ್ನಾಗಿ ಕೆಲಸ ಮಾಡುವ ಫೋನನ್ನು ಬಿಡಲು ಮನಸ್ಸಾಗದೆ ಎರಡು ವರ್ಷ ದೂಡಿದೆವು. 2025ರ ಫೆಬ್ರವರಿಯಲ್ಲಿ ಬ್ರಿಟನ್ ಸರ್ಕಾರ ಒಳಗಿನದನ್ನು ನೋಡಲು ದಾರಿ ಕೇಳಿದ ಸುದ್ದಿಯ ಹಿಂದೆಯೇ, ಆಪಲ್ ಅಲ್ಲಿ ಹೊಸಬರಿಗೆ ಈ ಸೌಲಭ್ಯ ನಿಲ್ಲಿಸಿತು. ಅದನ್ನು ಓದಿದ ರಾತ್ರಿ ಕೆಲಸಕ್ಕೆ ಕೂತೆವು.

ಹಳೇ ಫೋನಿನ ರೆಕಾರ್ಡಿಂಗ್‌ಗಳೆಲ್ಲ 13ಕ್ಕೆ ಬಂದಿವೆಯಾ ಅಂತ ಒಂದೊಂದೇ ನೋಡಿದೆವು. ಒಂದು ಬಂದಿರಲಿಲ್ಲ, ಏರ್‌ಡ್ರಾಪ್ ಮಾಡಿಕೊಂಡೆವು. ಆಮೇಲೆ 7ರಲ್ಲಿ ಖಾತೆಯಿಂದ ಸೈನ್ ಔಟ್. ಫೋನು ಬಿಸಾಡಬೇಕಾಗಿರಲೇ ಇಲ್ಲ, ನಮ್ಮ ಸೋಮಾರಿತನ ಅಷ್ಟೇ. ಈಗ ಅದು ಬರೀ ರೆಕಾರ್ಡರ್. ಸಂಜೆ ಏರ್‌ಡ್ರಾಪ್ ಮಾಡಿ ಅದರಲ್ಲಿರುವುದನ್ನು ಅಳಿಸುತ್ತೇವೆ.

ಬೀಗ ಹಾಕುವ ಮೊದಲು 28 ಅಕ್ಷರದ ರಿಕವರಿ ಕೀ ಮಾಡಿಕೊಂಡೆವು. ಫೋನು, ಪಾಸ್‌ವರ್ಡು, ಈ ಕೀ ಎಲ್ಲ ಹೋದರೆ ಕಂಪನಿಯವರಿಗೂ ತೆಗೆಯಲಾಗದು. ಚೀಟಿಯನ್ನು ಪಹಣಿ ಇಟ್ಟಿರುವ ಟ್ರಂಕಿಗೆ ಹಾಕಿದಾಗ ಅಮ್ಮ, "ಇದ್ಯಾವ ಸರ್ವೇ ನಂಬರಪ್ಪಾ?" ಅಂದರು.

ನಿಮ್ಮದು ಆಂಡ್ರಾಯ್ಡ್ ಆದರೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆರೆದು ನೋಡಿ. ಅಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಅನ್ನು ನೀವೇ ಆನ್ ಮಾಡಬೇಕು. ಅದರ ಪಾಸ್‌ವರ್ಡನ್ನೂ ಬರೆದಿಡಿ.

ಇಷ್ಟಾದ ಮೇಲೆ ಗೊತ್ತಾಯಿತು, ಐಕ್ಲೌಡ್‌ನ ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ಈ ಬೀಗದೊಳಗೆ ಬರುವುದಿಲ್ಲ. ಆ ಅಜ್ಜಿಯ ನಂಬರನ್ನು ಹೆಸರು, ಊರು ಸಮೇತ ಕಾಂಟ್ಯಾಕ್ಟ್ಸ್‌ನಲ್ಲೇ ಸೇವ್ ಮಾಡಿದ್ದೆವು. ಅಳಿಸಿ, ಡೈರಿಯಲ್ಲಿ ಬರೆದುಕೊಂಡೆವು.