ಮುಂಬಯಿ ಉಣ್ಣುವ ಪರಿ

ಮುಂಬಯಿಯಲ್ಲಿ ಮನೆಯೆಂದರೆ ಮಲಗುವ ಜಾಗ. ಕುಳಿತು ಮಾತನಾಡುವ ಜಾಗ ಹೋಟೆಲು. ಹತ್ತಡಿ ಹನ್ನೆರಡಡಿಯ ಒಂದೇ ಕೋಣೆಯಲ್ಲಿ ಐದಾರು ಜನ ಬಾಳುವ ಚಾಳುಗಳಲ್ಲಿ ಬಂದವರನ್ನು ಕೂರಿಸಿ ಉಪಚರಿಸಲು ಪಡಸಾಲೆ ಎಲ್ಲಿಂದ ಬರಬೇಕು? ಸಾಲದ ಮಾತು, ಸಂಬಂಧದ ಮಾತು, ರಾಜಕೀಯದ ಚರ್ಚೆ, ಕೆಲಸ ಕಳೆದುಕೊಂಡವನಿಗೆ ಗೆಳೆಯನ ಸಮಾಧಾನ, ಇವೆಲ್ಲವೂ ಅಲ್ಲಿ ಒಂದು ಮೇಜು ಮತ್ತು ಎರಡು ಲೋಟಗಳ ನಡುವೆಯೇ ನಡೆಯಬೇಕು. ಆದ್ದರಿಂದ ಈ ಮಹಾನಗರದ ಉಪಾಹಾರಗೃಹಗಳನ್ನು ಬಲ್ಲವನು ನಗರವನ್ನೇ ಬಲ್ಲವನು ಎಂದರೆ ಅತಿಶಯೋಕ್ತಿಯಾಗಲಾರದು.

ಪ್ರವಾಸಕ್ಕೆಂದು ಮುಂಬಯಿಗೆ ಹೋಗುವ ನಮ್ಮ ಕುಟುಂಬಗಳು ಗೇಟ್‌ವೇ, ಎಲಿಫೆಂಟಾ, ಮಹಾಲಕ್ಷ್ಮಿಯ ದೇವಾಲಯ ಎಂದು ಪಟ್ಟಿ ಹಾಕಿಕೊಂಡು ಹೊರಡುತ್ತವೆ. ಊಟದ ವಿಷಯ ಬಂದಾಗ ಮಾತ್ರ ‘ಎಲ್ಲಿ ಸಿಕ್ಕಿದರೆ ಅಲ್ಲಿ’ ಎಂಬ ಧೋರಣೆ. ಅಲ್ಲಿನ ಊಟದ ಮನೆಗಳಿಗೂ ನೋಡತಕ್ಕ ಸ್ಥಳಗಳೆಂಬ ಮಾನ್ಯತೆ ಸಲ್ಲಬೇಕು. ಅವುಗಳ ಹಿಂದೆಯೂ ಚರಿತ್ರೆಯಿದೆ, ಜಗಳವಿದೆ, ಕಣ್ಣೀರೂ ಇದೆ.

ಸಮುದ್ರದ ಎದುರು

ವೈಭವದಿಂದಲೇ ಆರಂಭಿಸೋಣ. ಅಪೋಲೊ ಬಂದರಿನ ತಾಜಮಹಲ್ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರಿನಲ್ಲಿ. ಅದರ ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಉದ್ಘಾಟನೆಗೊಂಡದ್ದು 1924ರಲ್ಲಿ. ಎಂದರೆ ದೇಶದ ಹೆಬ್ಬಾಗಿಲಿಗಿಂತ ಇಪ್ಪತ್ತೊಂದು ವರ್ಷ ಮೊದಲೇ ಊಟದ ಮನೆ ಸಿದ್ಧವಾಗಿತ್ತು! ಬಿಳಿಯರ ಹೋಟೆಲೊಂದರಲ್ಲಿ ತಮಗೆ ಪ್ರವೇಶ ದೊರೆಯದ ಕಾರಣ ಜಮ್‌ಶೇಟ್‌ಜಿ ಟಾಟಾರವರು ಇದನ್ನು ಕಟ್ಟಿಸಿದರೆಂದು ಜನ ಹೇಳುತ್ತಾರೆ. ಚರಿತ್ರಕಾರರಲ್ಲಿ ಅನೇಕರು ಈ ಕತೆಯನ್ನು ಒಪ್ಪುವುದಿಲ್ಲ. ಆದರೂ ಕತೆ ಸಾಯದೆ ಉಳಿದಿರುವುದಕ್ಕೆ ಅರ್ಥವಿದೆ: ಯಾರು ಯಾವ ಮೇಜಿಗೆ ಕೂರಬಹುದು ಎಂಬ ಪ್ರಶ್ನೆ ಈ ನಗರವನ್ನು ಮೊದಲಿನಿಂದಲೂ ಕಾಡಿದೆ.

ತಾಜಿನ ಮೊದಲ ಮಹಡಿಯಲ್ಲಿ ಸೀ ಲೌಂಜ್ ಎಂಬ ಚಹಾದ ಕೋಣೆಯಿದೆ. ಕಿಟಕಿಯಾಚೆ ಬಂದರು, ದೋಣಿಗಳು, ಪಾರಿವಾಳಗಳು. ಶ್ರೀಮಂತ ಮನೆತನಗಳ ಹುಡುಗ ಹುಡುಗಿಯರು ಹಿರಿಯರ ಸಮ್ಮುಖದಲ್ಲಿ ಮೊದಲ ಸಲ ಪರಸ್ಪರ ಕಾಣುವ ತಾಣವೆಂದು ಇದಕ್ಕೆ ಹಿಂದಿನಿಂದಲೂ ಹೆಸರು. ನಮ್ಮಲ್ಲಿ ಉಪ್ಪಿಟ್ಟು ಕೇಸರಿಬಾತಿನ ಎದುರು ನಡೆಯುವುದು ಅಲ್ಲಿ ಪಿಂಗಾಣಿ ಬಟ್ಟಲಿನ ಎದುರು ನಡೆಯುತ್ತದೆ. ನಾಚಿಕೆಯೊಂದು ಎರಡು ಕಡೆಯೂ ಸಮಾನ.

2008ರ ನವೆಂಬರ್ 26ರ ರಾತ್ರಿ ಈ ಕಟ್ಟಡ ಗುಂಡು ಬೆಂಕಿಗಳಿಗೆ ತುತ್ತಾದುದನ್ನು ನಾವೆಲ್ಲ ನೋವಿನಿಂದ ನೋಡಿದೆವು. ಅತಿಥಿಗಳನ್ನು ಕಾಪಾಡಲು ಹೋದ ಅಡಿಗೆಯವರೂ ಪರಿಚಾರಕರೂ ಅಲ್ಲಿ ಪ್ರಾಣ ತೆತ್ತರು. ಅದೇ ರಾತ್ರಿ ದಾಳಿಗೀಡಾದ ಇನ್ನೊಂದು ಸ್ಥಳ, ಸಮೀಪದ ಕೊಲಾಬಾ ಬೀದಿಯ ಲಿಯೋಪೋಲ್ಡ್ ಕೆಫೆ. 1871ರಿಂದ ನಡೆದು ಬಂದಿರುವ ಈ ಕೆಫೆ ಕೆಲವೇ ದಿನಗಳಲ್ಲಿ ಮತ್ತೆ ಬಾಗಿಲು ತೆರೆಯಿತು. ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟಿತು. ಊಟಕ್ಕೆ ಹೋದವರ ಕಣ್ಣು ಆ ತೂತುಗಳತ್ತ ಹೊರಳದೆ ಇರದು.

ಸಮುದ್ರದ ದಂಡೆಯಲ್ಲೇ ಮುಂದೆ ಸಾಗಿದರೆ ಚರ್ಚ್‌ಗೇಟ್. ಕಾಫಿ ಪ್ರಿಯರಾದ ನಾವು ನೆನೆಯಬೇಕಾದ ಸಂಗತಿಯೊಂದಿದೆ: ನಮ್ಮ ಕೊಡಗು ಚಿಕ್ಕಮಗಳೂರುಗಳ ಬೀಜಕ್ಕೆ ಮಾರುಕಟ್ಟೆ ದೊರಕಿಸಿಕೊಡಲು ಹುಟ್ಟಿದ ಇಂಡಿಯಾ ಕಾಫಿ ಹೌಸುಗಳಲ್ಲಿ ಮೊದಲನೆಯದು ತೆರೆದದ್ದು ಇಲ್ಲಿ, 1936ರಲ್ಲಿ. ಇದೇ ಬೀದಿಯಲ್ಲಿ 1956ರಲ್ಲಿ ಆರಂಭವಾದ ಗೇಲಾರ್ಡ್ ಚಿತ್ರರಂಗದವರ ಅಡ್ಡೆಯಾಗಿ ಪ್ರಸಿದ್ಧಿ ಪಡೆಯಿತು. ಸಂಗೀತ ನಿರ್ದೇಶಕ ಜೈಕಿಷನ್ ಅದರ ನಿತ್ಯದ ಅತಿಥಿಗಳಲ್ಲಿ ಒಬ್ಬರು. ಮಕ್ಕಳಿದ್ದರೆ ಬ್ರೇಬೋರ್ನ್ ಕ್ರೀಡಾಂಗಣದ ಕಟ್ಟಡದಲ್ಲಿರುವ ಕೆ. ರುಸ್ತುಂ ಅಂಗಡಿಯನ್ನು ಮರೆಯಬಾರದು. 1953ರಿಂದ ನಡೆದಿರುವ ಈ ಅಂಗಡಿಯಲ್ಲಿ ಐಸ್‌ಕ್ರೀಮಿನ ದಪ್ಪ ತುಂಡೊಂದನ್ನು ಎರಡು ಗರಿಗರಿ ಬಿಸ್ಕತ್ತುಗಳ ನಡುವೆ ಇಟ್ಟು ಕೈಗೆ ಕೊಡುತ್ತಾರೆ. ಚಮಚವಿಲ್ಲ, ತಟ್ಟೆಯಿಲ್ಲ, ಕರಗುವ ಮೊದಲು ತಿಂದು ಮುಗಿಸುವುದೇ ಪಂದ್ಯ.

ಮೂಲೆಯ ಇರಾನಿ

ಮುಂಬಯಿಯ ನಿಜವಾದ ಪಡಸಾಲೆಯೆಂದರೆ ಇರಾನಿ ಹೋಟೆಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆದಿಯಲ್ಲಿಯೂ ಯಜ್ದ್, ಕೆರ್ಮಾನ್ ಮೊದಲಾದ ಕಡೆಗಳಿಂದ ಬಡತನವನ್ನೂ ಕಿರುಕುಳವನ್ನೂ ತಪ್ಪಿಸಿಕೊಂಡು ಬಂದ ಜರತುಷ್ಟ್ರ ಮತೀಯರು ಇವುಗಳನ್ನು ಸ್ಥಾಪಿಸಿದರು. ಬೀದಿಗಳು ಕೂಡುವ ಮೂಲೆಯ ಮಳಿಗೆ ಅಶುಭವೆಂದು ಇಲ್ಲಿನ ವ್ಯಾಪಾರಿಗಳು ಹಿಂಜರಿಯುತ್ತಿದ್ದರಂತೆ. ಇರಾನಿಗಳು ಅದನ್ನೇ ಹಿಡಿದರು. ಎರಡು ಬೀದಿಗಳ ಗಾಳಿ ಬೆಳಕು, ಎರಡು ಬೀದಿಗಳ ಗಿರಾಕಿಗಳು! ಒಬ್ಬರ ಅಪಶಕುನ ಇನ್ನೊಬ್ಬರ ಲಾಭವಾಯಿತು.

ಧೋಬಿ ತಲಾವಿನ ಕಯಾನಿ ಅಂಗಡಿಯನ್ನು ನೋಡಿ, 1904ರಷ್ಟು ಹಳೆಯದು. ಎತ್ತರದ ಛಾವಣಿ, ಬಾಗಿಸಿದ ಮರದ ಕುರ್ಚಿಗಳು, ಗಾಜಿನ ಭರಣಿಗಳಲ್ಲಿ ಬಿಸ್ಕತ್ತುಗಳು, ಗಲ್ಲಾಪೆಟ್ಟಿಗೆಯ ಹಿಂದೆ ಎಲ್ಲವನ್ನೂ ನೋಡುತ್ತ ಏನನ್ನೂ ನೋಡದವರಂತೆ ಕುಳಿತ ಯಜಮಾನರು. ಬನ್ನನ್ನು ಸೀಳಿ ಬೆಣ್ಣೆ ಬಳಿದರೆ ‘ಬನ್ ಮಸ್ಕಾ’; ಅದನ್ನು ಹಾಲು ಹೆಚ್ಚಾದ ಗಟ್ಟಿ ಚಹಾದಲ್ಲಿ ಅದ್ದಿ ತಿನ್ನುವುದೇ ಸಂಪ್ರದಾಯ. ಖೋವ ಬೆರೆಸಿದ ಮಾವಾ ಕೇಕಿನ ಏಲಕ್ಕಿಯ ಪರಿಮಳ ಬೀದಿಯವರೆಗೂ ಬರುತ್ತದೆ. ಮೊಟ್ಟೆ, ಖೀಮಾ ತಿನ್ನುವವರಿಗೆ ಬೇರೆ ಪಟ್ಟಿಯೇ ಇದೆ.

ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದು. ಇರಾನಿನ ಕೆಂಪು ಹುಳಿಹಣ್ಣುಗಳನ್ನು ಉದುರಿಸಿದ ಬೆರ್ರಿ ಪುಲಾವಿನಿಂದ ಅದು ಲೋಕಪ್ರಸಿದ್ಧವಾಯಿತು. ಅದರ ಯಜಮಾನರಾಗಿದ್ದ ಬೋಮನ್ ಕೊಹಿನೂರ್ ತೊಂಬತ್ತು ದಾಟಿದ ಮೇಲೂ ಮೇಜಿನಿಂದ ಮೇಜಿಗೆ ಬಂದು ಅತಿಥಿಗಳ ಕುಶಲ ಕೇಳುತ್ತಿದ್ದರು. 2019ರಲ್ಲಿ ಅವರು ತೀರಿಕೊಂಡಾಗ ನಗರವೇ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿತು.

ಇರಾನಿಯ ದೊಡ್ಡ ಗುಣವೆಂದರೆ, ಒಂದು ಲೋಟ ಚಹಾದ ಬೆಲೆಗೆ ಯಾರು ಬೇಕಾದರೂ ಕೂರಬಹುದಾಗಿತ್ತು. ಒಂದೊಂದು ಜಾತಿಗೆ ಒಂದೊಂದು ಊಟದ ಮನೆಯಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಟ್ಯಾಕ್ಸಿಯ ಚಾಲಕ, ವಕೀಲ, ಕಾಲೇಜು ವಿದ್ಯಾರ್ಥಿ, ಕವಿ ಎಲ್ಲರೂ ಅದೇ ಅಮೃತಶಿಲೆಯ ಮೇಜಿಗೆ ಮೊಳಕೈ ಊರಿದರು. ಜೋರಾಗಿ ಮಾತನಾಡಕೂಡದು, ಹೆಚ್ಚು ಹೊತ್ತು ಕೂರಕೂಡದು ಎಂದು ಗೋಡೆಯ ಮೇಲೆ ಫಲಕಗಳಿರುತ್ತಿದ್ದವು, ನಿಜ. ಅವು ಕವಿ ನಿಸಿಮ್ ಎಜೆಕಿಯೆಲ್‌ರ ಕವಿತೆಯೊಂದಕ್ಕೆ ವಸ್ತುವಾದದ್ದೂ ನಿಜ. ಆದರೆ ಫಲಕವನ್ನು ಓದಿಯೂ ಜನ ಕೂತೇ ಇದ್ದರು, ಯಜಮಾನರೂ ಸುಮ್ಮನಿದ್ದರು.

ಒಂದು ಕಾಲಕ್ಕೆ ನೂರಾರು ಇದ್ದ ಇರಾನಿಗಳು ಈಗ ಕೆಲವೇ ಉಳಿದಿವೆ. ಧೋಬಿ ತಲಾವಿನಲ್ಲಿಯೇ ಇದ್ದ ಬಸ್ತಾನಿ 2004ರಲ್ಲಿ ಮುಚ್ಚಿತು. ಮಕ್ಕಳು ಓದಿ ವಿದೇಶ ಸೇರಿದರು. ಪಾಲುದಾರರ ವ್ಯಾಜ್ಯಗಳು ಬೆಳೆದವು. ಮೂಲೆಯ ಜಾಗಕ್ಕೆ ಬಂದ ಬೆಲೆಯ ಮುಂದೆ ಚಹಾದ ಸಂಪಾದನೆ ಏನೇನೂ ಆಗಲಿಲ್ಲ. ಕಾಳಾ ಘೋಡಾದ ವೇಸೈಡ್ ಇನ್ ಕೂಡ ಹೀಗೆಯೇ ಮರೆಯಾಯಿತು. ಡಾ. ಅಂಬೇಡ್ಕರರು ಅಲ್ಲಿ ಕುಳಿತು ಬರೆಯುತ್ತಿದ್ದರೆಂಬ ಪ್ರತೀತಿಯಿದೆ. ಕವಿ ಅರುಣ ಕೊಲಟಕರ್ ಅದರ ಕಿಟಕಿಯಿಂದ ಕಂಡ ಬೀದಿಯ ಬಾಳನ್ನೇ ಕವನಸಂಗ್ರಹವನ್ನಾಗಿ ಮಾಡಿದರು. ಒಂದು ಕುರ್ಚಿ ಹೋದರೆ ಒಂದು ಕಾವ್ಯವೂ ಹೋದೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಾಟುಂಗದ ಬಾಳೆಯೆಲೆ

ಮಾಟುಂಗದಲ್ಲಿ ರೈಲಿನಿಂದ ಇಳಿದ ಕನ್ನಡಿಗನಿಗೆ ಊರಿಗೆ ಬಂದಂತಾಗುತ್ತದೆ. ಮಲ್ಲಿಗೆಯ ಮಾಲೆ, ಬಾಳೆಯೆಲೆಯ ಕಟ್ಟು, ಹುರಿದ ಕಾಫಿಬೀಜದ ಗಮಲು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದೂ ಈ ಬಡಾವಣೆಯಲ್ಲಿಯೇ. ಕಿಂಗ್ಸ್ ಸರ್ಕಲಿಗೆ ಮಹೇಶ್ವರಿ ಉದ್ಯಾನವೆಂದು ಹೆಸರಿಟ್ಟು ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಅದು ಕಿಂಗ್ಸ್ ಸರ್ಕಲೇ.

ಇಲ್ಲಿನ ಉಪಾಹಾರಗೃಹಗಳ ವಯಸ್ಸು ಕೇಳಿದರೆ ಅಚ್ಚರಿಯಾಗುತ್ತದೆ. ಮೈಸೂರು ಕೆಫೆ 1936ರದು, ರಾಮ ಆಶ್ರಯ 1939ರದು, ಕೆಫೆ ಮದ್ರಾಸ್ 1940ರದು. ಉಡುಪಿಯ ಸೀಮೆಯಿಂದ ಬಂದ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ರೈಲು ನಿಲ್ದಾಣದ ಪಕ್ಕದ ಮಾರುಕಟ್ಟೆಯ ಮಹಡಿಯಲ್ಲಿದೆ. ಚೀಟಿ ಪಡೆದು, ಸರದಿ ಕಾದು, ಬಾಳೆಯೆಲೆಯ ಮುಂದೆ ಕುಳಿತರೆ ಸಾರು, ಹುಳಿ, ಪಲ್ಯ, ಹಪ್ಪಳ, ಮಜ್ಜಿಗೆ ಒಂದರ ಹಿಂದೊಂದು ಬರುತ್ತವೆ. ‘ಇನ್ನಷ್ಟು ಹಾಕಲೇ?’ ಎಂಬ ಪ್ರಶ್ನೆಯಲ್ಲಿ ವ್ಯಾಪಾರದ ಧ್ವನಿ ಕೇಳಿಸುವುದಿಲ್ಲ. ಕೆಫೆ ಮದ್ರಾಸಿನ ಮುಂದೆ ಭಾನುವಾರದ ಬೆಳಗಿನ ಜನಸಂದಣಿ ಜಾತ್ರೆಯಂತೆ: ಗುಜರಾತಿ, ಮರಾಠಿ, ಪಂಜಾಬಿ ಸಂಸಾರಗಳು ಹೆಸರು ಬರೆಸಿ ಬಿಸಿಲಿನಲ್ಲಿ ಕಾಯುತ್ತವೆ. ಒಳಗೆ ನೀರುದೋಸೆ, ರಸಂ ವಡೆ, ರಾಗಿದೋಸೆ. ರಾಮ ಆಶ್ರಯದ ಅನಾನಸಿನ ಶಿರಾಕ್ಕೆ ಮರುಳಾಗದವರು ವಿರಳ.

ಹಿಂದೆ ನಮ್ಮ ನಾಡಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿಯಿತ್ತು. ಮುಂಬಯಿಯ ನೂಕುನುಗ್ಗಲಿನಲ್ಲಿ ಆ ಗೋಡೆ ನಿಲ್ಲುವುದು ಕಷ್ಟವಾಯಿತು. ಪಕ್ಕದ ಎಲೆಯವನ ಕುಲ ಕೇಳಲು ಅಲ್ಲಿ ಯಾರಿಗೂ ಪುರಸತ್ತಿಲ್ಲ. ಕೇಳುತ್ತ ಕುಳಿತರೆ ಕಚೇರಿಗೆ ಹೊತ್ತಾದೀತು!

ಈ ಎಲೆಯ ಮೇಲೂ ಒಮ್ಮೆ ಕಲ್ಲು ಬಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಕೋಪಕ್ಕೆ ಗುರಿಯಾದವರು ದಕ್ಷಿಣದವರು. ‘ಲುಂಗಿಯವರನ್ನು ಓಡಿಸಿ’ ಎಂಬ ಘೋಷಣೆ ಬೀದಿಬೀದಿಯಲ್ಲಿ ಮೊಳಗಿತು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಇಡ್ಲಿಗೆ ಪ್ರತಿಯಾಗಿ ವಡಾಪಾವಿನ ಗಾಡಿಗಳಿಗೆ ಉತ್ತೇಜನ ದೊರೆಯಿತು. ಹೋಟೆಲಿನವರು ಗಾಜು ಗುಡಿಸಿ ಮರುದಿನ ಒಲೆ ಹೊತ್ತಿಸಿದರು. ಇಂದು ವಡಾಪಾವ್ ಎಲ್ಲರದೂ ಆಗಿದೆ, ಇಡ್ಲಿಯೂ ಎಲ್ಲರದು. ಕಲ್ಲೆಸೆದವರ ಮೊಮ್ಮಕ್ಕಳು ದೋಸೆಗಾಗಿ ಸಾಲಿನಲ್ಲಿ ನಿಂತಿದ್ದರೆ ಆಶ್ಚರ್ಯವೇನು?

ಲೋಟ ತೊಳೆದ ಕೈ

ಈ ಹೋಟೆಲುಗಳ ವೈಭವವನ್ನು ಹೊತ್ತವರು ಮಾಣಿಗಳು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹತ್ತು ಹನ್ನೆರಡರ ವಯಸ್ಸಿಗೇ ಹಡಗನ್ನೋ ಬಸ್ಸನ್ನೋ ಹತ್ತಿ ಬಂದ ಮಕ್ಕಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮೇಜು ಒರೆಸಿ, ಲೋಟ ತೊಳೆದು, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗಿದವರು. ಅವರಿಗಾಗಿ ಕನ್ನಡದ ಸಂಘಸಂಸ್ಥೆಗಳು ರಾತ್ರಿಶಾಲೆಗಳನ್ನು ತೆರೆದವು. ದಿನವಿಡೀ ದುಡಿದ ಕೈ ಸಂಜೆ ಬಳಪ ಹಿಡಿಯಿತು. ಆ ಶಾಲೆಗಳಿಂದ ವಕೀಲರೂ ಲೆಕ್ಕಪರಿಶೋಧಕರೂ ಲೇಖಕರೂ ಹೊರಬಂದರು. ಕೆಲವರು ತಾವು ಲೋಟ ತೊಳೆದಂಥ ಹೋಟೆಲುಗಳಿಗೆ ತಾವೇ ಧಣಿಗಳಾದರು. ಓದಲಾಗದೆ ಸೋತವರ ಸಂಖ್ಯೆಯೂ ಸಣ್ಣದಲ್ಲ. ಅವರ ಹೆಸರನ್ನು ಯಾವ ಸ್ಮರಣ ಸಂಚಿಕೆಯೂ ಅಚ್ಚು ಹಾಕಲಿಲ್ಲ. ಇಂದು ಮಕ್ಕಳ ದುಡಿಮೆ ಕಾನೂನಿಗೆ ವಿರುದ್ಧ. ಹಿಂದಿನ ರುಚಿಯನ್ನು ಹೊಗಳುವಾಗ ಹಿಂದಿನ ಈ ಋಣವನ್ನೂ ನೆನೆಯುವುದು ನ್ಯಾಯ.

ಗಿರಣಿಯ ಹೊಗೆ ಆರಿದ ಮೇಲೆ

ಈಗಿನ ಬೆಡಗಿನ ಊಟದ ಮನೆಗಳನ್ನು ಕಾಣಬೇಕಾದರೆ ಲೋವರ್ ಪರೇಲಿಗೆ ಹೋಗಬೇಕು. ಹಳೆಯ ಇಟ್ಟಿಗೆಯ ಗೋಡೆ, ಎತ್ತರದ ಚಿಮಣಿಯ ನೆರಳು, ಒಳಗೆ ಮಂದದೀಪ, ದೇಶವಿದೇಶಗಳ ಭಕ್ಷ್ಯಗಳು. ಇದು ಬಟ್ಟೆ ಗಿರಣಿಗಳ ನೆಲ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಗಳು ಮತ್ತೆ ಹಿಂದಿನಂತೆ ತಲೆಯೆತ್ತಲಿಲ್ಲ. ಆ ಕಾರ್ಮಿಕರು ಉಣ್ಣುತ್ತಿದ್ದದ್ದು ಖಾನಾವಳಿಗಳಲ್ಲಿ. ಹಳ್ಳಿಯಲ್ಲಿ ಸಂಸಾರ ಬಿಟ್ಟು ಬಂದ ಗಂಡಸರಿಗೆ ನೆರೆಯ ಹೆಂಗಸೊಬ್ಬಳು ತನ್ನ ಒಂದೇ ಕೋಣೆಯಲ್ಲಿ ಭಾಕರಿ ಬೇಯಿಸಿ ಬಡಿಸುತ್ತಿದ್ದಳು. ಹಣ ತಿಂಗಳ ಕೊನೆಗೆ. ಅಂಥ ತಾಯಂದಿರು ಲೇವಾದೇವಿಯವರ ಬಡ್ಡಿಯಲ್ಲಿ ಬೇಯುವುದನ್ನು ಕಂಡು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಬ್ಯಾಂಕುಗಳಿಂದ ಅವರಿಗೆ ಸಾಲ ಕೊಡಿಸಿದರು.

ಅದೇ ನೆಲದ ಒಂದು ಗಿರಣಿ ಆವರಣದ ಮೇಲ್ಮಹಡಿಯ ಉಪಾಹಾರಗೃಹಗಳಲ್ಲಿ 2017ರ ಡಿಸೆಂಬರ್ 29ರ ಮಧ್ಯರಾತ್ರಿ ಬೆಂಕಿ ಹೊತ್ತಿ 14 ಜನ ಸತ್ತರು. ಹುಟ್ಟುಹಬ್ಬಕ್ಕೆಂದು ಬಂದ ತರುಣಿಯೊಬ್ಬಳೂ ಅವರಲ್ಲಿದ್ದಳು. ಅಲಂಕಾರಕ್ಕೆ ಹಾಕಿದ ಚಪ್ಪರಗಳು ಉರಿಗೆ ಆಹಾರವಾದವು. ಅಂದಿನಿಂದ ಅನುಭವಸ್ಥರು ಹೇಳುವ ಬುದ್ಧಿಮಾತೊಂದಿದೆ. ಹೊಸ ಜಾಗಕ್ಕೆ ಹೋದಾಗ ಭಕ್ಷ್ಯಗಳ ಪಟ್ಟಿ ತೆರೆಯುವ ಮೊದಲು ಹೊರಹೋಗುವ ಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳಿ.

ಹೊರಡುವವರಿಗೆ

ಮುಂಬಯಿಯಲ್ಲಿ ಎರಡು ದಿನ ಇರುವವರು ಬೆಳಗಿನ ತಿಂಡಿಯನ್ನು ಮಾಟುಂಗದಲ್ಲಿ, ಎಂಟರ ಒಳಗೆ ಮುಗಿಸುವುದು ಜಾಣತನ. ಮಧ್ಯಾಹ್ನ ಕ್ರಾಫರ್ಡ್ ಮಾರುಕಟ್ಟೆಯತ್ತ ಹೋಗಿ. 1869ರ ಆ ಕಟ್ಟಡದಲ್ಲಿ ಹಣ್ಣುಗಳ ರಾಶಿಯನ್ನು ನೋಡಿ, ಎದುರಿನ ಬಾದಶಾ ಅಂಗಡಿಯಲ್ಲಿ ಫಲೂದಾ ಕುಡಿದು ದಣಿವಾರಿಸಿಕೊಳ್ಳಬಹುದು. ಕೈ ಸಡಿಲವಾಗಿದ್ದರೆ ಒಂದು ಸಂಜೆ ತಾಜಿನ ಕಿಟಕಿಯ ಬಳಿ ಕಳೆಯಿರಿ. ಆದರೆ ಒಂದು ಹೊತ್ತನ್ನಾದರೂ ಇರಾನಿಗಾಗಿ ಮೀಸಲಿಡಿ. ಬನ್ ಮಸ್ಕಾ, ಚಹಾ ತರಿಸಿ. ಎದುರಿನ ಕುರ್ಚಿ ಖಾಲಿಯಿದ್ದರೆ ಅಪರಿಚಿತರೊಬ್ಬರು ‘ಕೂರಬಹುದೇ?’ ಎಂದು ಕೇಳಿಯಾರು. ಕೂರಿ ಎನ್ನಿ. ಕೋಟಿ ಜನ ಒತ್ತಿ ಬಾಳುವ ಆ ಊರು ಇಷ್ಟು ಕಾಲ ಒಂದಾಗಿ ಉಳಿದಿರುವುದು ಬಹುಮಟ್ಟಿಗೆ ಆ ಒಂದು ಮಾತಿನ ಬಲದಿಂದ.