ಹೂಳೋದಾ, ಸುಡೋದಾ? ನಮ್ಮ ಮನೇಲಿ ಎದ್ದ ಪ್ರಶ್ನೆ

(ಭಾಗ 1/6)

ಹೋದ ಸರಣಿ ಜಿಎಸ್‌ಟಿ ಬಗ್ಗೆ ಇತ್ತು. ಈ ಸಲದ್ದು ಸಾವಿನ ಬಗ್ಗೆ. ಸ್ಕ್ರೋಲ್ ಮಾಡಿ ಮುಂದೆ ಹೋಗ್ಬೇಡಿ ಪ್ಲೀಸ್, ಜಿಎಸ್‌ಟಿಗಿಂತ ಸುಲಭವಾಗೇ ಇದೆ.

ಕ್ರೈಸ್ತರನ್ನ ಸುಡಬಹುದಾ? ನಿಮ್ಮ ಕ್ಲಾಸಿನ ಯಾವ ಕ್ರೈಸ್ತ ಫ್ರೆಂಡನ್ನಾದ್ರೂ ಕೇಳಿ ನೋಡಿ. "ಇಲ್ಲಪ್ಪ, ನಾವು ಹೂಳೋದು" ಅನ್ನೋ ಉತ್ತರವೇ ಬಹುತೇಕ ಬರುತ್ತೆ. ನಮ್ಮದು ಕಥೋಲಿಕ ಮನೆ. ನಮ್ಮಲ್ಲೂ ಇದು ಯಾರೂ ಕೇಳದ ಪ್ರಶ್ನೆಯಾಗಿತ್ತು. ಕೇಳಿದ್ದು ನಮ್ಮಜ್ಜಿ.

ವಿಷಯ ಇಷ್ಟು. ಬೆಂಗಳೂರಲ್ಲಿ ಸಮಾಧಿಗೆ ಜಾಗ ಇಲ್ಲ. ಹಳೇ ಕುಟುಂಬಗಳು ತಮ್ಮದೇ ಸಮಾಧಿಯನ್ನ ಕೆಲವು ವರ್ಷ ಬಿಟ್ಟು ಮತ್ತೆ ತೆಗೆದು, ಅದರಲ್ಲೇ ಇನ್ನೊಬ್ಬರನ್ನ ಇಡ್ತಾರೆ. ನಮ್ಮ ತಾತನ ಸಮಾಧಿಯಲ್ಲಿ ಅಜ್ಜಿಗೇ ಅಂತ ಜಾಗ ಇತ್ತು. ಆದ್ರೆ ಎರಡು ವರ್ಷದ ಹಿಂದೆ ನಮ್ಮ ದೊಡ್ಡಪ್ಪ ತೀರಿಕೊಂಡ್ರು. ಅಮ್ಮನಿಗಿಂತ ಮುಂಚೆ ಮಗ ಹೋಗಿ ಆ ಜಾಗದಲ್ಲಿ ಮಲಗಿದ. ಈಗ ಅದನ್ನ ಇನ್ನೂ ಹಲವು ವರ್ಷ ತೆಗೆಯೋ ಹಾಗಿಲ್ಲ.

ಈಸ್ಟರ್ ಮುಗಿದ ಮೇಲೆ ಒಂದಿನ ಊಟಕ್ಕೆ ಕೂತಾಗ ಅಜ್ಜಿ ಅಂದ್ರು: "ನನ್ನನ್ನ ಸುಟ್ಬಿಡಿ. ಬೂದಿ ಆದ್ರೆ ಒಂದು ಗೇಣು ಜಾಗ ಸಾಕಲ್ವಾ? ಅವರಿಬ್ಬರ ಹತ್ರಾನೇ ಇಡಿ. ಊರಾಚೆ ಯಾವುದೋ ಹೊಸ ಜಾಗದಲ್ಲಿ ನಾನೊಬ್ಬಳೇ ಇರಲ್ಲ."

(ಭಾಗ 2/6)

ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದೇಬಿಟ್ರು. "ಅಮ್ಮಾ, ನಾವೇನು ಹಿಂದೂಗಳಾ? ಯೇಸುಸ್ವಾಮಿನೇ ಸಮಾಧಿಯಲ್ಲಿ ಇದ್ದು ಎದ್ದದ್ದು. ಸುಟ್ಟ ಮೇಲೆ ಪುನರುತ್ಥಾನ ಎಲ್ಲಿಂದ?"

ಚಿಕ್ಕಪ್ಪನ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಬೈಬಲ್ಲಿನ ತುಂಬಾ ಹೂಳೋದೇ ಇದೆ. ಜೋಸೆಫ್ ಈಜಿಪ್ಟಿನಲ್ಲಿ ಸತ್ತರೂ ತನ್ನ ಎಲುಬನ್ನ ಸ್ವಂತ ನೆಲಕ್ಕೆ ಒಯ್ಯಬೇಕು ಅಂತ ಆಣೆ ಮಾಡಿಸಿಕೊಂಡಿದ್ದ. ಇಂಗ್ಲಿಷಿನ 'ಸೆಮಿಟರಿ' ಅನ್ನೋ ಪದಕ್ಕೆ ಮೂಲ ಗ್ರೀಕ್. ಅಲ್ಲಿ ಅದರ ಅರ್ಥ ಮಲಗೋ ಜಾಗ. ಮಲಗಿದವರು ಏಳ್ತಾರೆ ಅನ್ನೋ ನಂಬಿಕೆ ಆ ಹೆಸರಲ್ಲೇ ಇದೆ.

ಆದ್ರೆ ಅದೇ ಬೈಬಲ್ಲಲ್ಲಿ ಇನ್ನೊಂದು ಘಟನೆ ಇದೆ. ರಾಜ ಸೌಲ ಮತ್ತವನ ಮಕ್ಕಳು ಯುದ್ಧದಲ್ಲಿ ಸತ್ತಾಗ ಯಾಬೇಷಿನ ಜನ ರಾತ್ರೋರಾತ್ರಿ ಹೋಗಿ ದೇಹಗಳನ್ನ ತಂದು, ಸುಟ್ಟು, ಎಲುಬುಗಳನ್ನ ಮರದ ಕೆಳಗೆ ಹೂಳಿದ್ರು. ಏಳು ದಿನ ಉಪವಾಸ ಮಾಡಿದ್ರು. ಅವರನ್ನ ದಾವೀದ ಬೈಯಲಿಲ್ಲ, ಆಶೀರ್ವಾದ ಮಾಡಿದ. (1 ಸಮುವೇಲ 31, 2 ಸಮುವೇಲ 2. ತೆಗೆದು ಓದಿ.)

ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನ ರೋಮನ್ನರೂ ಕೇಳಿದ್ರು, ಆದ್ರೆ ಕ್ರೂರವಾಗಿ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಕ್ರೈಸ್ತರನ್ನ ಕೊಂದು, ಸುಟ್ಟು, ಬೂದಿಯನ್ನ ರೋನ್ ನದಿಗೆ ಗುಡಿಸಿ ಹಾಕಿದ್ರು. "ಈಗ ಏಳಲಿ ನೋಡೋಣ" ಅನ್ನೋದೇ ಅದರ ಉದ್ದೇಶ. ಸಭೆ ಆ ಸತ್ತವರನ್ನ ಇವತ್ತಿಗೂ ಸಂತರು ಅಂತ ಗೌರವಿಸುತ್ತೆ. ಜೋನ್ ಆಫ್ ಆರ್ಕ್ ಗೊತ್ತಲ್ಲ? 1431ರಲ್ಲಿ ಜೀವಂತ ಸುಟ್ಟು ಬೂದಿಯನ್ನ ನದಿಗೆ ಹಾಕಿದ್ರು. 1920ರಲ್ಲಿ ಆಕೆ ಸಂತಳಾದಳು. ದೇಹ ಉಳಿದಿಲ್ಲ ಅಂದ್ರೆ ದೇವರ ಕೈ ಕಟ್ಟಿಹೋಗುತ್ತೆ ಅಂತ ಯಾರೂ ಅಂದುಕೊಂಡಿರಲಿಲ್ಲ.

(ಭಾಗ 3/6)

ಹಾಗಾದ್ರೆ "ಸುಡಬಾರದು" ಅನ್ನೋದು ಅಷ್ಟು ಗಟ್ಟಿಯಾಗಿ ಎಲ್ಲಿಂದ ಬಂತು?

ಪದ್ಧತಿ ಹಳೇದೇ. ಆದ್ರೆ ನಮ್ಮ ಮುತ್ತಜ್ಜನ ಕಾಲದ ಖಡಕ್ ನಿಷೇಧ 1886ರದ್ದು. ಆಗ ಯೂರೋಪಿನಲ್ಲಿ, ಅದರಲ್ಲೂ ಇಟಲಿಯಲ್ಲಿ, ಸಭೆಗೆ ಎದುರು ನಿಂತವರು ಕೆಲವರು ದಹನವನ್ನ ಒಂದು ಪ್ರತಿಭಟನೆ ಥರ ಬಳಸ್ತಿದ್ರು. ಮಿಲಾನಿನಲ್ಲಿ 1876ರಲ್ಲೇ ಚಿತಾಗಾರ ಬಂದಿತ್ತು. "ಸತ್ತ ಮೇಲೆ ಏನೂ ಇಲ್ಲ, ನೋಡಿ" ಅಂತ ತೋರಿಸೋಕೆ ಸುಡಿಸಿಕೊಂಡವರೂ ಇದ್ರು. ರೋಮ್ ಸಿಟ್ಟಾಗಿದ್ದು ಬೆಂಕಿಯ ಮೇಲಲ್ಲ, ಅದರ ಹಿಂದಿನ ಆ ಮಾತಿನ ಮೇಲೆ.

ಕಾಲ ಬದಲಾಯ್ತು. ಜನ ಜಾಗಕ್ಕಾಗಿ, ಖರ್ಚಿಗಾಗಿ, ಆರೋಗ್ಯದ ಕಾರಣಕ್ಕಾಗಿ ದಹನ ಕೇಳೋಕೆ ಶುರು ಮಾಡಿದ್ರು. 1963ರಲ್ಲಿ ರೋಮ್ ನಿಷೇಧವನ್ನ ಸಡಿಲಿಸ್ತು. 1983ರ ಸಭಾ ಕಾನೂನಿನಲ್ಲಿ (ವಿಧಿ 1176) ಇರೋದನ್ನ ನನ್ನ ಮಾತಲ್ಲಿ ಹೇಳ್ತೀನಿ: ಹೂಳೋ ಪದ್ಧತಿ ಉಳಿಸಿಕೊಳ್ಳಿ ಅನ್ನೋದೇ ಸಭೆಯ ಆಸೆ. ಆದ್ರೆ ದಹನಕ್ಕೆ ಅಡ್ಡಿ ಇಲ್ಲ, ಕ್ರೈಸ್ತ ನಂಬಿಕೆಗೆ ವಿರುದ್ಧವಾದ ಕಾರಣಕ್ಕೆ ಅದನ್ನ ಆರಿಸಿಕೊಂಡಿದ್ರೆ ಮಾತ್ರ ತಕರಾರು.

ಅಂದ್ರೆ 1963ರಿಂದ ಇದು ಓಕೆ. ನಮ್ಮಪ್ಪ ಹುಟ್ಟೋಕ್ಕಿಂತ ಮುಂಚೆಯಿಂದ! ಕೇಳೋ ಸಂದರ್ಭ ಬಂದಿರಲಿಲ್ಲ, ಹಾಗಾಗಿ ನಮ್ಮ ಮನೆಗೆ ಸುದ್ದಿ ತಲುಪಿರಲಿಲ್ಲ ಅಷ್ಟೆ.

(ಭಾಗ 4/6)

ಓಕೆ ಅಂದ ಮಾತ್ರಕ್ಕೆ ಬೂದಿಯನ್ನ ಏನು ಬೇಕಾದ್ರೂ ಮಾಡಬಹುದು ಅಂತಲ್ಲ. ಇದನ್ನ ಸೇವ್ ಮಾಡಿಟ್ಕೊಳ್ಳಿ.

2016ರಲ್ಲಿ ರೋಮ್ ಒಂದು ಸೂಚನೆ ಹೊರಡಿಸ್ತು:
• ಬೂದಿಯನ್ನ ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು.
• ಗಾಳಿಗೆ, ನೆಲಕ್ಕೆ, ನೀರಿಗೆ ಚೆಲ್ಲಬಾರದು.
• ಸುಮ್ಮನೆ ಮನೇಲಿ ಇಟ್ಕೊಳ್ಳಬಾರದು.
• ಮನೆಯವರು ಹಂಚಿಕೊಳ್ಳಬಾರದು, ಲಾಕೆಟ್ ಒಡವೆ ಮಾಡಿಸಬಾರದು.

2023ರ ಡಿಸೆಂಬರಿನಲ್ಲಿ ಸ್ವಲ್ಪ ಸಡಿಲ ಆಯ್ತು. ಸತ್ತವರ ಬದುಕಿಗೆ ತುಂಬಾ ಬೇಕಾಗಿದ್ದ ಒಂದು ಜಾಗದಲ್ಲಿ ಬೂದಿಯ ಚೂರು ಭಾಗ ಇಡೋಕೆ ಮನೆಯವರು ಕೇಳಿದ್ರೆ ಸಭೆಯವರು ಪರಿಶೀಲಿಸಬಹುದು. ಷರತ್ತು ಏನಂದ್ರೆ, ಉಳಿದದ್ದು ಪವಿತ್ರ ಜಾಗದಲ್ಲೇ ಇರಬೇಕು.

ಇಷ್ಟೆಲ್ಲ ಯಾಕೆ ಅನ್ಸುತ್ತಾ? ನನಗೆ ಅರ್ಥ ಆಗಿದ್ದು ಹೀಗೆ. ಮನೆಯ ಶೆಲ್ಫಿನಲ್ಲಿರೋ ಪಾತ್ರೆ ಮಕ್ಕಳ ಕಾಲದವರೆಗೆ ಇರುತ್ತೆ. ಮೊಮ್ಮಕ್ಕಳ ಕಾಲಕ್ಕೆ "ಇದೇನಿದು?" ಆಗುತ್ತೆ. ಸ್ಮಶಾನದಲ್ಲಿ ಹಾಗಲ್ಲ. ಹೆಸರಿರುತ್ತೆ. ನವೆಂಬರ್ 2ಕ್ಕೆ ಯಾರೋ ಮೊಂಬತ್ತಿ ಹಚ್ತಾರೆ. ಪಕ್ಕದ ಸಮಾಧಿಗೆ ಬಂದವರೂ ಒಂದು ಪ್ರಾರ್ಥನೆ ಹೇಳಿ ಹೋಗ್ತಾರೆ. ಬೆಂಕಿನಾ ಮಣ್ಣಾ ಅನ್ನೋದಕ್ಕಿಂತ, ಸತ್ತವರಿಗೆ ಒಂದು ಹೆಸರು, ಒಂದು ಜಾಗ ಉಳಿಯುತ್ತಾ ಅನ್ನೋದೇ ಸಭೆಗೆ ಮುಖ್ಯ.

(ಭಾಗ 5/6)

ಕ್ರೈಸ್ತರೆಲ್ಲರದ್ದೂ ಒಂದೇ ಅಭಿಪ್ರಾಯ ಅಲ್ಲ. ಆರ್ಥೊಡಾಕ್ಸ್ ಸಭೆಗಳು ಹೆಚ್ಚಾಗಿ ಈಗಲೂ ಒಪ್ಪಲ್ಲ. ಗ್ರೀಸಿನಲ್ಲಿ ದಹನಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ, ಮೊದಲ ಚಿತಾಗಾರ ಶುರುವಾಗಿದ್ದು 2019ರಲ್ಲಿ! ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನ ಸಭೆಗಳು ಮನೆಯವರಿಗೇ ಬಿಡುತ್ತವೆ. ಇಂಗ್ಲೆಂಡಿನ ವೋಕಿಂಗ್‌ನಲ್ಲಿ 1885ರಲ್ಲೇ ಚಿತಾಗಾರ ಕೆಲಸ ಶುರು ಮಾಡಿತ್ತು.

ನಮ್ಮ ಪಕ್ಕದ ಕೇರಳ ನೋಡಿ. 2020ರ ಜುಲೈ, ಕೋವಿಡ್ ಕಾಲ. ಆಲಪ್ಪುಳದಲ್ಲಿ ನೆಲ ತೋಡಿದ್ರೆ ನೀರು. ನಿಯಮದ ಪ್ರಕಾರ ಆಳಕ್ಕೆ ಗುಂಡಿ ತೆಗೆಯೋಕೆ ಆಗ್ತಿರಲಿಲ್ಲ. ಅಲ್ಲಿನ ಲ್ಯಾಟಿನ್ ಕಥೋಲಿಕ ಧರ್ಮಪ್ರಾಂತ್ಯ ಚರ್ಚಿನ ಸ್ಮಶಾನದಲ್ಲೇ ದಹನ ಮಾಡಿ, ಬೂದಿಯನ್ನ ಅಲ್ಲೇ ಹೂಳೋಕೆ ಒಪ್ಪಿತು. ಎಷ್ಟೋ ಕಡೆ ಜನ ಸತ್ತವರನ್ನ ಹತ್ತಿರ ಸೇರಿಸೋಕೂ ಹೆದರ್ತಿದ್ದ ಆ ದಿನಗಳಲ್ಲಿ ಅವರು ತಮ್ಮವರನ್ನ ತಮ್ಮ ಅಂಗಳದಲ್ಲೇ ಇಟ್ಕೊಂಡ್ರು.

"ನಾವೇನು ಹಿಂದೂಗಳಾ" ಅನ್ನೋ ಮಾತಿಗೂ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ನನ್ನ ಬೆಂಚ್‌ಮೇಟ್ ಲಿಂಗಾಯತಳು. ಅವರಲ್ಲಿ ಸುಡಲ್ಲ, ಕೂರಿಸಿ ಸಮಾಧಿ ಮಾಡ್ತಾರೆ. ಮಣ್ಣು ಅಂದ್ರೆ ಕ್ರೈಸ್ತ, ಬೆಂಕಿ ಅಂದ್ರೆ ಹಿಂದೂ ಅನ್ನೋ ಲೆಕ್ಕ ಈ ನೆಲದಲ್ಲಿ ಟ್ಯಾಲಿ ಆಗಲ್ಲ. ಅದೂ ಅಲ್ದೆ, ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಕಾಲೇಜಿಗೆ ಬರೋರು ನಾವೇ ಅಲ್ವಾ?

(ಭಾಗ 6/6)

ಈಗ ನಮ್ಮ ಮನೇದು. ಅಪ್ಪ ನಮ್ಮ ಧರ್ಮಕೇಂದ್ರದ ಫಾದರ್ ಹತ್ರ ಹೋಗಿ ಕೇಳಿದ್ರು. ಬಲಿಪೂಜೆ ಮಾಮೂಲಿನಂತೆ ದೇಹ ಇಟ್ಕೊಂಡೇ ಆಗುತ್ತೆ, ಆಮೇಲೆ ಚಿತಾಗಾರ, ಆಮೇಲೆ ಬೂದಿಯನ್ನ ಸಮಾಧಿಯಲ್ಲಿ ಇಡೋ ಪ್ರಾರ್ಥನೆ ಅಂದ್ರು. ಸ್ಮಶಾನ ನೋಡಿಕೊಳ್ಳೋರು, ಪಾತ್ರೆಗಾದ್ರೆ ಸಮಾಧಿ ಪೂರ್ತಿ ತೆಗೆಯೋದು ಬೇಡ, ತಲೆಭಾಗದಲ್ಲಿ ಚಿಕ್ಕ ಗುಂಡಿ ಸಾಕು ಅಂದ್ರು.

ಚಿಕ್ಕಪ್ಪನ ಸಂಕಟ ನಿಜವಾಗಿ ಪುನರುತ್ಥಾನದ್ದಲ್ಲ ಅಂತ ಆಮೇಲೆ ಗೊತ್ತಾಯ್ತು. ಒಂದು ರಾತ್ರಿ ಅವರೇ ಅಂದ್ರು: "ಅಣ್ಣನ ಪೆಟ್ಟಿಗೆ ಮೇಲೆ ಒಂದು ಹಿಡಿ ಮಣ್ಣು ಹಾಕಿದ ಮೇಲೇನೇ ನನಗೆ ಅವನು ಹೋದ ಅಂತ ನಂಬಿಕೆ ಬಂದಿದ್ದು. ಅಮ್ಮನಿಗೆ ಯಾರೋ ಬಟನ್ ಒತ್ತಿಬಿಟ್ರೆ ನಾನೇನು ಮಾಡ್ಲಿ?"

ಅಜ್ಜಿ ತಕ್ಷಣ ಅಂದ್ರು: "ಬೂದಿ ಇಟ್ಟ ಮೇಲೂ ಗುಂಡಿ ಮುಚ್ಚಬೇಕಲ್ಲೋ. ಮಣ್ಣು ನೀನೇ ಹಾಕು."

ಕೊನೆಗೆ ಒಂದು ಒಪ್ಪಂದ ಆಯ್ತು. ಸಮಾಧಿ ತೆಗೆಯೋ ಅವಧಿ ಬರೋವರೆಗೂ ಅಜ್ಜಿ ಇದ್ರೆ ಪೆಟ್ಟಿಗೆಯಲ್ಲೇ ಹೂಳೋದು. ಅದಕ್ಕೆ ಮುಂಚೆ ಹೋದ್ರೆ ದಹನ, ಅದೇ ಸಮಾಧಿ. ಅಪ್ಪ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದ್ರು, ಅಜ್ಜಿ ಸೈನ್ ಹಾಕಿದ್ರು. ಚಿಕ್ಕಪ್ಪ ಪೂರ್ತಿ ಒಪ್ಪಿದ್ದಾರೆ ಅಂತ ಹೇಳಲ್ಲ. ಆದ್ರೆ ಅವರೂ ಸೈನ್ ಹಾಕಿದ್ದಾರೆ.

ಫ್ರೆಂಡ್ಸ್, ಬ್ಯಾಂಕ್ ಖಾತೆಗೆ ನಾಮಿನಿ ಹೆಸರು ಬರೀತೀವಿ. ಇದಕ್ಕೆ ಯಾಕೆ ಯಾರೂ ಬರೆಯಲ್ಲ? ಸಾವಾದ ಮನೇಲಿ ಯೋಚನೆ ಮಾಡೋಕೆ ಟೈಮ್ ಇರಲ್ಲ. ಆಗ ಜೋರಾಗಿ ಮಾತಾಡೋರ ಮಾತೇ ನಡೆಯೋದು. ಹೋದವರ ಆಸೆ ಏನಿತ್ತು ಅಂತ ಹೇಳೋಕೆ ಅವರೇ ಇರಲ್ಲ.

ಅದಕ್ಕೇ, ನಿಮ್ಮ ಮನೇಲಿ ಅಜ್ಜಿ ತಾತ ಇದ್ರೆ ಈ ಭಾನುವಾರ ಮೆಲ್ಲಗೆ ಕೇಳಿ. ಯಾವ ಧರ್ಮ ಆದ್ರೂ ಸರಿ. "ಅಯ್ಯೋ, ಅಪಶಕುನ ಮಾತಾಡ್ಬೇಡ" ಅಂತ ಬೈದ್ರೆ ಬೈಸಿಕೊಳ್ಳಿ. ಆಮೇಲೆ ಅವರು ಖಂಡಿತ ಏನಾದ್ರೂ ಹೇಳ್ತಾರೆ. ಅದನ್ನ ಬರೆದಿಟ್ಕೊಳ್ಳಿ.

ಅವರು ಏನಂದ್ರು ಅಂತ ಕಾಮೆಂಟಲ್ಲಿ ಹೇಳಿ, ಎಲ್ಲ ಓದ್ತೀನಿ. ಮುಂದಿನ ಸರಣಿ ಮತ್ತೆ ಲೆಕ್ಕಶಾಸ್ತ್ರ, ಪ್ರಾಮಿಸ್.

#ಕನ್ನಡ #ಅಜ್ಜಿಮಾತು #ಬಿಕಾಂಹುಡುಗಿ